ಮೂತ್ರನಳಿಕೆಯೂ ಎದುರೀಜುವ ರೋಗಾಣುವೂ

(ಓಖ್ಲಾದ ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಇಂದಿನ ಭಾಷಣದ ವಿಷಯವನ್ನು ಸೂಚನಾಫಲಕದ ಮೇಲೆ ಓದಿದಾಗ ಕೆಲವರು ನಕ್ಕರಂತೆ, ಕೆಲವರು ಹುಬ್ಬು ಗಂಟಿಕ್ಕಿದರಂತೆ. ಮೂತ್ರದ ಮಾತು ಸಭೆಗೆ ತರುವಂಥದಲ್ಲವೆಂದು ಅವರ ಭಾವನೆ ಇರಬಹುದು. ಆದರೆ ರೋಗವು ನಮ್ಮ ನಾಚಿಕೆಯನ್ನು ಕೇಳಿ ಬರುವುದಿಲ್ಲ. ನಾಚಿಕೆಯ ಮರೆಯಲ್ಲಿಯೇ ಬೆಳೆಯುವ ರೋಗಗಳೂ ಉಂಟು. ಆದಕಾರಣ ಹಿರಿಯರು ಮನ್ನಿಸಿ ನನ್ನ ಮಾತನ್ನು ಪೂರ್ತಿಯಾಗಿ ಕೇಳಬೇಕೆಂದು ಬೇಡುತ್ತೇನೆ.

ನಾನು ವೈದ್ಯನಲ್ಲ. ಗಿರಣಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತ, ಓದಿದ್ದು ಮೆಟ್ರಿಕ್‌ವರೆಗೆ. ಹೀಗಿರುವಾಗ ಈ ವಿಷಯಕ್ಕೆ ನಾನು ಕೈಹಾಕಿದ್ದೇಕೆ ಎಂದರೆ, ನಮ್ಮ ಸಂಘದ ಕೆಲಸದಲ್ಲಿ ಇದು ಪದೇ ಪದೇ ಎದುರಾಗುತ್ತದೆ. ಊರಿನಿಂದ ದೆಹಲಿಯ ದೊಡ್ಡ ಆಸ್ಪತ್ರೆಗಳಿಗೆ ರೋಗಿಗಳು ಬರುತ್ತಾರೆ. ಅವರ ಜೊತೆಗೆ ಬಂದವರಿಗೆ ಹಿಂದಿ ಬಾರದು. ನಮ್ಮಲ್ಲಿ ಯಾರಾದರೂ ಹೋಗಿ ಎರಡು ರಾತ್ರಿ ಹಾಸಿಗೆಯ ಪಕ್ಕದಲ್ಲಿ ಕೂರುತ್ತೇವೆ. ಕೂತವರೆಲ್ಲ ಒಂದು ವಸ್ತುವನ್ನು ಕಂಡೇ ಇರುತ್ತೀರಿ: ಹೊದಿಕೆಯ ಕೆಳಗಿನಿಂದ ಹೊರಬಂದ ಒಂದು ಸಣ್ಣ ಕೊಳವೆ, ಅದರ ಕೊನೆಗೆ ತೂಗುವ ಒಂದು ಚೀಲ. ‘ಪೈಪು ಹಾಕಿದ್ದಾರೆ’ ಎಂದು ನಾವು ಹೇಳುವುದು ಇದನ್ನೇ. ವೈದ್ಯರು ಇದಕ್ಕೆ ಕ್ಯಾಥೆಟರ್ ಎನ್ನುತ್ತಾರೆ. ನಾನು ಮೂತ್ರನಳಿಕೆ ಎಂದು ಕರೆಯುತ್ತೇನೆ.

ಈ ನಳಿಕೆ ಮಾಡುವ ಉಪಕಾರವನ್ನು ಮೊದಲು ಹೇಳಬೇಕು. ಪ್ರಾಸ್ಟೇಟ್ ಗ್ರಂಥಿ ಊದಿಕೊಂಡು ಮೂತ್ರ ಕಟ್ಟಿದ ಮುದುಕರ ಸಂಕಟವನ್ನು ಕಂಡವರೇ ಬಲ್ಲರು. ನಳಿಕೆ ಹಾಕಿದ ಐದು ನಿಮಿಷದಲ್ಲಿ ಅವರ ಮುಖ ತಿಳಿಯಾಗುತ್ತದೆ. ಬೆನ್ನುಹುರಿ ಪೆಟ್ಟಾದವರಿಗೆ, ದೊಡ್ಡ ಶಸ್ತ್ರಕ್ರಿಯೆ ಆದವರಿಗೆ, ಎಚ್ಚರ ತಪ್ಪಿ ಮಲಗಿದವರಿಗೆ ಇದು ಬೇಕೇ ಬೇಕು. ಗಂಟೆಗೆ ಎಷ್ಟು ಮೂತ್ರ ಇಳಿಯಿತೆಂಬ ಲೆಕ್ಕದಿಂದ ವೈದ್ಯರು ಮೂತ್ರಪಿಂಡದ ಸ್ಥಿತಿಯನ್ನು ತಿಳಿಯುತ್ತಾರೆ. ಆದರೆ ಮಾಲು ಹೊರಗೆ ಹೋಗಲೆಂದು ತೆರೆದಿಟ್ಟ ಬಾಗಿಲಿನಿಂದಲೇ ಕಳ್ಳನೂ ಒಳಗೆ ಬರುತ್ತಾನೆ ಎಂಬುದು ಗಿರಣಿಯ ಗೇಟಿನಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು. ನಳಿಕೆಯ ವಿಷಯವೂ ಹಾಗೆಯೇ.

ಆರೋಗ್ಯವಾಗಿರುವ ದೇಹವು ಮೂತ್ರದ ದಾರಿಯನ್ನು ತಾನೇ ತೊಳೆದುಕೊಳ್ಳುತ್ತದೆ. ಮೂತ್ರಕೋಶ ತುಂಬುತ್ತದೆ, ಒಮ್ಮೆಗೇ ಖಾಲಿಯಾಗುತ್ತದೆ. ದಾರಿಯಲ್ಲಿ ಸೇರಿಕೊಂಡ ರೋಗಾಣುಗಳು ಆ ರಭಸಕ್ಕೆ ಕೊಚ್ಚಿಹೋಗುತ್ತವೆ. ನಳಿಕೆ ಹಾಕಿದಾಗ ಈ ರಭಸ ನಿಂತುಹೋಗುತ್ತದೆ. ದೊಡ್ಡವರಲ್ಲಿ ದಿನಕ್ಕೆ ಸುಮಾರು ಒಂದೂವರೆ ಲೀಟರು ಮೂತ್ರವೆಂದು ಹಿಡಿದರೆ ನಿಮಿಷಕ್ಕೆ ಬರುವುದು ಒಂದು ಮಿಲಿಲೀಟರು ಮಾತ್ರ. ಅದು ತೊಟ್ಟು ತೊಟ್ಟಾಗಿ ಕೊಳವೆಯ ಗೋಡೆಯ ಮೇಲೆ ಜಾರುತ್ತ ಇಳಿಯುತ್ತದೆ. ಇಂಥ ಹರಿವಿಗೆ ರೋಗಾಣುವನ್ನು ತಳ್ಳುವ ಬಲವಿಲ್ಲ.

ನಳಿಕೆ ಇರುವವರಲ್ಲಿ ಪ್ರತಿದಿನವೂ ನೂರಕ್ಕೆ 3ರಿಂದ 7 ಮಂದಿಯ ಮೂತ್ರದಲ್ಲಿ ಹೊಸದಾಗಿ ರೋಗಾಣು ಸೇರುತ್ತದೆಂದು ವೈದ್ಯಗ್ರಂಥಗಳು ಹೇಳುತ್ತವೆ. ನಡುವೆ 5 ಎಂದು ಹಿಡಿದು ನಾನು ಚಕ್ರಬಡ್ಡಿಯ ಲೆಕ್ಕದಂತೆ ಕೂಡಿ ನೋಡಿದೆ. ಹತ್ತು ದಿನವಾದರೆ ನೂರರಲ್ಲಿ ಸುಮಾರು 40 ಜನ. ಮೂವತ್ತು ದಿನವಾದರೆ 78 ಜನ. ಸಾಲಕ್ಕೆ ಬಡ್ಡಿ ಏರುವಂತೆ ನಳಿಕೆಯ ಅಪಾಯವೂ ದಿನಕ್ಕೆ ದಿನಕ್ಕೆ ಏರುತ್ತದೆ. ಮೂತ್ರದಲ್ಲಿ ರೋಗಾಣು ಕಂಡವರಿಗೆಲ್ಲ ಕಾಯಿಲೆ ಬರುವುದಿಲ್ಲ ಎಂಬುದು ನಿಜ. ಆದರೆ ಕೆಲವರಿಗೆ ಚಳಿಜ್ವರ ಬರುತ್ತದೆ. ಅವರಲ್ಲಿಯೂ ಕೆಲವರಿಗೆ ರೋಗಾಣು ರಕ್ತಕ್ಕೆ ಇಳಿದು ಪ್ರಾಣಕ್ಕೇ ಸಂಚಕಾರವಾಗುತ್ತದೆ. ಸೊಂಟ ಮುರಿದು ಬಂದ ಮುದುಕಿ ಸೊಂಟದಿಂದ ಸಾಯದೆ ಜ್ವರದಿಂದ ಸತ್ತಳು ಎಂಬ ಮಾತನ್ನು ನಾವು ಕೇಳಿದ್ದೇವೆ. ಅಂಥ ಜ್ವರಗಳಲ್ಲಿ ಕೆಲವಕ್ಕೆ ದಾರಿ ಈ ನಳಿಕೆಯೇ ಆಗಿರುತ್ತದೆ.

ನಮ್ಮ ದೇಶದ ಲೆಕ್ಕವನ್ನೂ ಒಂದಿಷ್ಟು ನೋಡೋಣ. ದೆಹಲಿಯ ಏಮ್ಸ್ ಆಸ್ಪತ್ರೆ ಮುಂದಾಳಾಗಿ ನಡೆಸಿದ ಒಂದು ಸಮೀಕ್ಷೆಯಲ್ಲಿ 26 ಆಸ್ಪತ್ರೆಗಳ 89 ತೀವ್ರನಿಗಾ ಘಟಕಗಳು ಸೇರಿದ್ದವು. 2017ರ ಮೇ ತಿಂಗಳಿನಿಂದ 2018ರ ಅಕ್ಟೋಬರ್‌ವರೆಗೆ ಅಲ್ಲಿ, ಆಸ್ಪತ್ರೆಗೆ ಬಂದ ಮೇಲೆ ತಗುಲಿದ ಮೂತ್ರದ ಸೋಂಕುಗಳು 737 ದಾಖಲಾದವು. ಇವುಗಳಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ರೋಗಾಣುವಿನಿಂದ ಆದವನ್ನು ಬೇರೆ ತೆಗೆದು ಪರೀಕ್ಷಿಸಿದಾಗ, ನೂರಕ್ಕೆ 76ರಷ್ಟು ಕಾರ್ಬಾಪೆನೆಮ್ ಎಂಬ ಬಲವಾದ ಔಷಧಿಗೂ ಬಗ್ಗಲಿಲ್ಲ. ಎಂದರೆ, ರೋಗ ಬಂದಮೇಲೆ ಔಷಧಿ ಕೊಟ್ಟರಾಯಿತು ಎಂಬ ಧೈರ್ಯ ಈಗ ಉಳಿದಿಲ್ಲ. ಬಾರದಂತೆ ನೋಡಿಕೊಳ್ಳುವುದೇ ಬುದ್ಧಿವಂತಿಕೆ.

ಹಾಗಾದರೆ ನಳಿಕೆಯನ್ನೇ ಚೆನ್ನಾಗಿ ಮಾಡಬಾರದೇ ಎಂಬ ಪ್ರಶ್ನೆ ಬರುತ್ತದೆ. ಈ ಪ್ರಶ್ನೆಗೆ ಉತ್ತರ ಹುಡುಕಿದವರ ಕಥೆ ಸ್ವಾರಸ್ಯವಾಗಿದೆ.

ನಳಿಕೆ ಹೊಸದಲ್ಲ. ನಮ್ಮ ಸುಶ್ರುತ ಸಂಹಿತೆಯಲ್ಲಿ ‘ನಾಡೀಯಂತ್ರ’ಗಳೆಂಬ ಟೊಳ್ಳು ಕೊಳವೆಗಳ ವರ್ಣನೆ ಇದೆ. ಇಟಲಿಯ ಪಾಂಪೇ ಪಟ್ಟಣದ ಬೂದಿಯ ಕೆಳಗೆ ಕಂಚಿನ ನಳಿಕೆಗಳು ಸಿಕ್ಕಿವೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್, ಗಾಳಿಪಟ ಹಾರಿಸಿ ಮಿಂಚನ್ನು ಪರೀಕ್ಷಿಸಿದನೆಂದು ನಾವು ಶಾಲೆಯಲ್ಲಿ ಓದಿದ ಅದೇ ಫ್ರಾಂಕ್ಲಿನ್, 1752ರಲ್ಲಿ ಕಲ್ಲಿನ ಬೇನೆಯಿಂದ ನರಳುತ್ತಿದ್ದ ತನ್ನ ಅಣ್ಣ ಜಾನ್‌ಗಾಗಿ ಬಾಗುವ ಬೆಳ್ಳಿಯ ನಳಿಕೆಯೊಂದನ್ನು ಯೋಚಿಸಿ ಅಕ್ಕಸಾಲಿಗನಿಂದ ಮಾಡಿಸಿದ. ಲೋಹದ ಕಾಲ ಕಳೆದು, 1860ರ ಸುಮಾರಿಗೆ ಫ್ರಾನ್ಸಿನ ನೆಲಾಟನ್ ಎಂಬ ವೈದ್ಯ ಮೆತ್ತನೆಯ ರಬ್ಬರಿನ ನಳಿಕೆಯನ್ನು ಬಳಕೆಗೆ ತಂದ. ನಳಿಕೆಯ ಗಾತ್ರವನ್ನು ಇಂದಿಗೂ ಫ್ರಾನ್ಸಿನ ಶಾರಿಯೇರ್ ಎಂಬ ಉಪಕರಣ ತಯಾರಕನ ಅಳತೆಯಲ್ಲಿಯೇ ಹೇಳುತ್ತಾರೆ. ಅವನ ಅಳತೆಯಲ್ಲಿ ಮೂರು ಅಂಕಕ್ಕೆ ಒಂದು ಮಿಲಿಮೀಟರು. 16ನೆಯ ನಂಬರಿನ ನಳಿಕೆಯೆಂದರೆ ಹೊರಗಿನ ಅಗಲ ಐದೂಕಾಲು ಮಿಲಿಮೀಟರಿಗಿಂತ ತುಸು ಹೆಚ್ಚು.

ಇಂದು ಆಸ್ಪತ್ರೆಗಳಲ್ಲಿ ನಾವು ಕಾಣುವ ನಳಿಕೆ ಅಮೆರಿಕದ ಫ್ರೆಡೆರಿಕ್ ಫೋಲಿ ಎಂಬ ಶಸ್ತ್ರವೈದ್ಯನ ಹೆಸರಿನದು. ಆತ 1930ರ ದಶಕದಲ್ಲಿ ಇದನ್ನು ರೂಪಿಸಿದ. ಇದರಲ್ಲಿ ಎರಡು ದಾರಿಗಳು ಉಂಟು. ಒಂದರಿಂದ ಮೂತ್ರ ಇಳಿಯುತ್ತದೆ. ಇನ್ನೊಂದು ಸಣ್ಣ ದಾರಿಯಿಂದ ಶುದ್ಧ ನೀರನ್ನು ತಳ್ಳಿದರೆ ತುದಿಯ ಹತ್ತಿರ ಒಂದು ಪುಟ್ಟ ಬಲೂನು ಉಬ್ಬಿ, ನಳಿಕೆ ಜಾರಿ ಹೊರಬರದಂತೆ ಮೂತ್ರಕೋಶದಲ್ಲಿ ಹಿಡಿದು ನಿಲ್ಲಿಸುತ್ತದೆ. ಒಂದು ಮಾತು ಇಲ್ಲಿ ನೆನಪಿಡಬೇಕು. ಪ್ರಾಸ್ಟೇಟ್ ಶಸ್ತ್ರಕ್ರಿಯೆಯ ನಂತರ ಸುರಿಯುವ ರಕ್ತವನ್ನು ಒತ್ತಿ ನಿಲ್ಲಿಸಲೆಂದು ಫೋಲಿ ಈ ಬಲೂನನ್ನು ಯೋಚಿಸಿದ್ದು. ವಾರಗಟ್ಟಲೆ ದೇಹದಲ್ಲಿಯೇ ಬಿಟ್ಟಿರಲೆಂದಲ್ಲ. ಒಂದು ಕೆಲಸಕ್ಕೆ ಮಾಡಿದ ಉಪಕರಣವನ್ನು ಇನ್ನೊಂದು ಕೆಲಸಕ್ಕೆ ಒಗ್ಗಿಸಿಕೊಂಡು, ಹತ್ತಿರ ಹತ್ತಿರ ತೊಂಬತ್ತು ವರ್ಷ ಅದರ ಮೂಲ ಆಕಾರದಲ್ಲಿ ಹೆಚ್ಚು ಬದಲಾವಣೆ ಇಲ್ಲದೆ ಜಗತ್ತು ನಡೆಸಿಕೊಂಡು ಬಂದಿದೆ.

ಅದರ ಕುಂದೇನು? ಬಲೂನಿನ ಮೇಲೆ ತುದಿ ಚಾಚಿಕೊಂಡಿರುತ್ತದೆ. ಮೂತ್ರ ಒಳಹೋಗುವ ಕಣ್ಣು ಆ ತುದಿಯಲ್ಲಿದೆ. ಆದಕಾರಣ ಬಲೂನಿನ ಸುತ್ತ ಕೆಳಗೆ ನಿಂತ ಮೂತ್ರ ಪೂರ್ತಿ ಇಳಿಯುವುದಿಲ್ಲ. ಬಾವಿಯ ತಳದ ನೀರಿನಂತೆ ಅದು ಅಲ್ಲಿಯೇ ಉಳಿಯುತ್ತದೆ. ಚಾಚಿದ ತುದಿ ಮೂತ್ರಕೋಶದ ಗೋಡೆಯನ್ನು ಉಜ್ಜುತ್ತದೆ. ನಳಿಕೆಯ ಮೈಮೇಲೆ ರೋಗಾಣುಗಳು ಅಂಟಿ ಲೋಳೆಯ ಪದರ ಕಟ್ಟಿಕೊಳ್ಳುತ್ತವೆ. ಕೆರೆಯ ಮೆಟ್ಟಿಲಿನ ಪಾಚಿಯಂತೆ ಎಂದುಕೊಳ್ಳಿ. ಆ ಲೋಳೆಯೊಳಗೆ ಕೂತ ರೋಗಾಣುವಿಗೆ ಔಷಧಿ ಸುಲಭವಾಗಿ ತಾಗುವುದಿಲ್ಲ. ಪ್ರೋಟಿಯಸ್ ಎಂಬ ಜಾತಿಯದಂತೂ ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಆಗ ಮೂತ್ರ ಕ್ಷಾರವಾಗಿ, ಬಿಸಿನೀರಿನ ಹಂಡೆಯ ಒಳಗೆ ಕಟ್ಟುವ ಬಿಳಿಯ ಪೊರೆಯಂತೆ ನಳಿಕೆಯೊಳಗೆ ಕಲ್ಲು ಕಟ್ಟಿ ದಾರಿಯೇ ಮುಚ್ಚಿಹೋಗುತ್ತದೆ.

ಈ ಕುಂದನ್ನು ನೀಗಲು ಮಾಡಿದ ಪ್ರಯತ್ನಗಳಲ್ಲಿ ಮೂರನ್ನು ಹೇಳುತ್ತೇನೆ.

ಮೊದಲನೆಯದು ಮುಚ್ಚಿದ ಚೀಲ. ಹಿಂದೆ ನಳಿಕೆಯ ಕೊನೆಯನ್ನು ಹಾಸಿಗೆಯ ಕೆಳಗಿನ ಬಾಯಿತೆರೆದ ಬಾಟಲಿಗೆ ಬಿಟ್ಟಿರುತ್ತಿದ್ದರು. ಆ ಪದ್ಧತಿಯಲ್ಲಿ ನಾಲ್ಕನೆಯ ದಿನಕ್ಕೆ ಹೆಚ್ಚುಕಡಿಮೆ ಎಲ್ಲರ ಮೂತ್ರದಲ್ಲೂ ರೋಗಾಣು ಸೇರುತ್ತಿತ್ತು. 1958ರಲ್ಲಿ ಪಾಲ್ ಬೀಸನ್ ಎಂಬ ಅಮೆರಿಕದ ವೈದ್ಯರು, ಅಗತ್ಯವಿಲ್ಲದೆ ನಳಿಕೆ ಹಾಕುವ ಅಭ್ಯಾಸವನ್ನು ಖಂಡಿಸಿ, ನಳಿಕೆಯ ಮೇಲೆ ಫಿರ್ಯಾದು ಹೂಡಿದಂತೆಯೇ ಒಂದು ಲೇಖನ ಬರೆದರು. 1966ರಲ್ಲಿ ಕುನಿನ್ ಮತ್ತು ಮೆಕಾರ್ಮಕ್ ಎಂಬಿಬ್ಬರು, ಬಾಟಲಿಯ ಬದಲು ಎಲ್ಲಿಯೂ ಗಾಳಿಗೆ ತೆರೆಯದ ಚೀಲವನ್ನು ಜೋಡಿಸಿ, ಸೋಂಕು ಬಹಳ ಕಡಿಮೆಯಾಗುವುದನ್ನು ತೋರಿಸಿಕೊಟ್ಟರು. ಔಷಧಿಯಿಲ್ಲ, ಮಂತ್ರವಿಲ್ಲ, ಬಾಗಿಲು ಮುಚ್ಚಿದ್ದೇ ಉಪಾಯ. ಇಂದು ಹಾಸಿಗೆಯ ಪಕ್ಕಕ್ಕೆ ತೂಗುವ ಚೀಲ ಅದೇ.

ಎರಡನೆಯದು ಔಷಧಿಯ ಲೇಪ. ಬೆಳ್ಳಿ ರೋಗಾಣುವನ್ನು ಕೊಲ್ಲುತ್ತದೆಂದು ನಳಿಕೆಗೆ ಬೆಳ್ಳಿಯ ಮಿಶ್ರಲೋಹವನ್ನು ಲೇಪಿಸಿದರು. ನೈಟ್ರೋಫ್ಯುರಜೋನ್ ಎಂಬ ಔಷಧಿಯನ್ನು ಸೇರಿಸಿದ ನಳಿಕೆಯನ್ನೂ ಮಾಡಿದರು. ಇವುಗಳಿಗೆ ಬೆಲೆ ಹೆಚ್ಚು, ಆಸೆಯೂ ಹೆಚ್ಚು. ಕೊನೆಗೆ ಇಂಗ್ಲೆಂಡು ಮತ್ತು ಅದರ ನೆರೆಯ ಪ್ರಾಂತಗಳ 24 ಸರ್ಕಾರಿ ಆಸ್ಪತ್ರೆಗಳಲ್ಲಿ 7102 ಜನರನ್ನು ಸೇರಿಸಿಕೊಂಡು ಪರೀಕ್ಷೆ ನಡೆಸಿದರು. ಫಲ 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಸಾಮಾನ್ಯ ನಳಿಕೆಯವರಲ್ಲಿ ನೂರಕ್ಕೆ 12.6 ಮಂದಿಗೆ ಸೋಂಕು. ಬೆಳ್ಳಿಯ ನಳಿಕೆಯವರಲ್ಲಿ 12.5! ಔಷಧಿ ಸೇರಿಸಿದ್ದರಲ್ಲಿ 10.6, ಅಷ್ಟು ಚಿಕ್ಕ ಲಾಭಕ್ಕೆ ಪ್ರತಿಯಾಗಿ ರೋಗಿಗೆ ಉರಿ ಮತ್ತು ಕಿರಿಕಿರಿ ಹೆಚ್ಚು. ಬೆಳ್ಳಿಯ ಹೆಸರಿಗೆ ಮರುಳಾಗಿ ಸಾಲ ಮಾಡಿ ದುಬಾರಿ ನಳಿಕೆ ತರಿಸುವವರು ಈ ಅಂಕಿಗಳನ್ನು ನೆನಪಿಡುವುದು ಒಳ್ಳೆಯದು.

ಮೂರನೆಯದೇ ಇಂದಿನ ನನ್ನ ಮುಖ್ಯ ವಿಷಯ: ನಳಿಕೆಯ ಆಕಾರವನ್ನೇ ಬದಲಿಸುವುದು. ಇದನ್ನು ತಿಳಿಯಲು ರೋಗಾಣು ಹೇಗೆ ಮೇಲಕ್ಕೆ ಏರುತ್ತದೆಂಬುದನ್ನು ಮೊದಲು ನೋಡಬೇಕು.

ಇ. ಕೋಲೈ ಎಂಬುದು ನಮ್ಮ ಕರುಳಿನಲ್ಲಿಯೇ ವಾಸವಾಗಿರುವ ರೋಗಾಣು. ಅದರ ಉದ್ದ ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಸುಮಾರು ಎರಡು ಪಾಲು. ಅದಕ್ಕೆ ಬಾಲದಂಥ ಎಳೆಗಳಿವೆ. ಅವನ್ನು ತಿರುಗಿಸುತ್ತ ಸೆಕೆಂಡಿಗೆ ತನ್ನ ಉದ್ದದ ಹತ್ತು ಹದಿನೈದು ಪಟ್ಟು ದೂರ ಈಜಬಲ್ಲುದು. ನೇರವಾಗಿ ಈಜಿತೆಂದು ಇಟ್ಟುಕೊಂಡರೆ ಗಂಟೆಗೆ 7ರಿಂದ 11 ಸೆಂಟಿಮೀಟರು ಆಯಿತು. ಒಂದು ರಾತ್ರಿಯಲ್ಲಿ ಎಷ್ಟು ದೂರ ಹೋದೀತೆಂದು ನೀವೇ ಲೆಕ್ಕ ಹಾಕಿ.

ಆದರೆ ಎದುರಿನಿಂದ ಮೂತ್ರ ಇಳಿಯುತ್ತಿರುವಾಗ ಅದು ಏರುವುದು ಹೇಗೆ? ಇದಕ್ಕೆ ಉತ್ತರ ನಮ್ಮ ಓಖ್ಲಾದಲ್ಲಿಯೇ ಇದೆ. ಇಲ್ಲಿ ಯಮುನೆಗೆ ಕಟ್ಟೆ ಹಾಕಿ 1874ರಲ್ಲಿ ಆಗ್ರಾ ಕಾಲುವೆಯನ್ನು ತೆರೆದರು. ಆ ಕಾಲುವೆಯ ದಡದಲ್ಲಿ ನಿಂತು ಎರಡು ಕಡ್ಡಿಗಳನ್ನು ಎಸೆದು ನೋಡಿ. ನಡುನೀರಿಗೆ ಬಿದ್ದ ಕಡ್ಡಿ ಸರಸರನೆ ಸಾಗುತ್ತದೆ. ದಡದ ಪಕ್ಕದ್ದು ನಿಂತು ನಿಂತು ಹೋಗುತ್ತದೆ. ಕೊಳವೆಯಲ್ಲಿಯೂ ಹೀಗೆಯೇ: ನಡುವೆ ಹರಿವು ಜೋರು, ಗೋಡೆಯ ಬಳಿ ಅತಿ ಮೆಲ್ಲಗೆ. ರೋಗಾಣು ಗೋಡೆಯನ್ನು ಹಿಡಿದೇ ಈಜುತ್ತದೆ. ಅಷ್ಟೇ ಅಲ್ಲ, ಗೋಡೆಯ ಬಳಿಯ ಹರಿವು ಅದರ ಮೈಯನ್ನು ತಿರುಗಿಸಿ ಮೂತಿಯನ್ನು ಹರಿವಿನ ಎದುರಿಗೇ ಮಾಡುತ್ತದೆ. ಗಾಳಿಗೆ ಗಾಳಿಕೋಳಿ ಮುಖಮಾಡಿ ನಿಲ್ಲುವಂತೆ. ಹೀಗೆ ಕೆಳಕ್ಕೆ ತಳ್ಳಬೇಕಾದ ಹರಿವೇ ಅದಕ್ಕೆ ಮೇಲಿನ ದಾರಿ ತೋರಿಸುತ್ತದೆ. ಮಲೆನಾಡಿನಿಂದ ಬಂದವರು ಹತ್ತುಮೀನನ್ನು ಕಂಡಿರುತ್ತೀರಿ. ಮೊದಲ ಮಳೆಗೆ ಹಳ್ಳದ ನೀರು ಇಳಿಯುತ್ತಿದ್ದರೆ ಮೀನು ಅದಕ್ಕೆ ಎದುರಾಗಿ ಗದ್ದೆಯವರೆಗೆ ಹತ್ತುತ್ತದೆ. ರೋಗಾಣುವೂ ಒಂದು ಹತ್ತುಮೀನೇ.

ಅಮೆರಿಕದ ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆ ಎಂಬ ವಿದ್ಯಾಸಂಸ್ಥೆ, ಎಲ್ಲರೂ ಕ್ಯಾಲ್ಟೆಕ್ ಎನ್ನುತ್ತಾರೆ, ಅಲ್ಲಿಯ ವಿಜ್ಞಾನಿಗಳು ಈ ಹತ್ತುವಿಕೆಯನ್ನೇ ಹಿಡಿದು ಯೋಚಿಸಿದರು. ಕೊಲ್ಲುವುದು ಬೇಡ, ಹತ್ತಲು ಬಿಡದಿದ್ದರಾಯಿತು ಎಂಬುದು ಅವರ ನಿಲುವು. ಕೊಂದರೆ, ಸಾಯದೆ ಉಳಿದ ರೋಗಾಣುಗಳು ಔಷಧಿಯನ್ನು ಗೆಲ್ಲಲು ಕಲಿಯುತ್ತವೆ. ಹತ್ತಲು ಬಿಡದಿರುವುದಕ್ಕೆ ಔಷಧಿಯೇ ಬೇಡ. ಅವರು ನಳಿಕೆಯ ಒಳಗೋಡೆಯ ಮೇಲೆ ಸಾಲಾಗಿ ತ್ರಿಕೋನಾಕಾರದ ಸಣ್ಣ ಸಣ್ಣ ಉಬ್ಬುಗಳನ್ನು ಇಟ್ಟರು. ಗೋಡೆ ಹಿಡಿದು ಏರುತ್ತಿದ್ದ ರೋಗಾಣು ಉಬ್ಬಿಗೆ ತಾಗಿ, ಅದರ ಅಂಚಿನ ಮೇಲೆ ಜಾರಿ, ಗೋಡೆ ಬಿಟ್ಟು ನಡುನೀರಿಗೆ ಬರುತ್ತದೆ. ಉಬ್ಬಿನ ತುದಿಯ ಬಳಿ ದಾರಿ ಕಿರಿದಾದ್ದರಿಂದ ಹರಿವು ಅಲ್ಲಿ ಚುರುಕಾಗಿರುತ್ತದೆ, ಸುಳಿಯೂ ಏಳುತ್ತದೆ. ರೋಗಾಣುವಿನ ಮೂತಿ ಕೆಳಕ್ಕೆ ತಿರುಗಿ ಅದು ಕೊಚ್ಚಿಹೋಗುತ್ತದೆ.

ಆದರೆ ಉಬ್ಬು ಎಷ್ಟು ಎತ್ತರವಿರಬೇಕು, ಒಂದಕ್ಕೂ ಇನ್ನೊಂದಕ್ಕೂ ಎಷ್ಟು ಅಂತರ, ಯಾವ ಕಡೆಗೆ ಎಷ್ಟು ವಾಲಿರಬೇಕು? ಅಂತರ ಹೆಚ್ಚಾದರೆ ರೋಗಾಣು ಮತ್ತೆ ಗೋಡೆ ಹಿಡಿಯುತ್ತದೆ. ತೀರ ದಟ್ಟವಾದರೆ ಹರಿವು ಉಬ್ಬುಗಳ ಸಂದಿಗೆ ಇಳಿಯದೆ ಮೇಲೆಯೇ ಹೋಗುತ್ತದೆ. ಒಂದೊಂದು ಅಳತೆಗೂ ಸಾವಿರಾರು ರೋಗಾಣುಗಳ ಚಲನೆಯನ್ನು ಗಣಕಯಂತ್ರದಲ್ಲಿ ಲೆಕ್ಕ ಹಾಕಬೇಕು. ದಿನಗಟ್ಟಲೆ ಹಿಡಿಯುವ ಆ ಲೆಕ್ಕವನ್ನು ನಿಮಿಷಗಳಲ್ಲಿ ಮುಗಿಸುವ ಕೃತಕ ಬುದ್ಧಿಮತ್ತೆಯ ವಿಧಾನವನ್ನು ಒದಗಿಸಿದವರು ಅನಿಮಾ ಆನಂದಕುಮಾರ್ ಎಂಬ ಪ್ರಾಧ್ಯಾಪಕಿ ಮತ್ತು ಅವರ ಜೊತೆಗಾರರು.

ಮಹನೀಯರೆ, ಈಕೆ ಹುಟ್ಟಿದ್ದು ಮೈಸೂರಿನಲ್ಲಿ. ಮದರಾಸಿನ ಐಐಟಿಯಲ್ಲಿ ಓದಿ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು, ಈಗ ಕ್ಯಾಲ್ಟೆಕ್‌ನಲ್ಲಿದ್ದಾರೆ. ಆಕೆಯ ಮುತ್ತಜ್ಜನ ತಂದೆ ರುದ್ರಪಟ್ಣದ ಶಾಮಶಾಸ್ತ್ರಿಗಳು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚುಮಾಡಿಸಿ, ಜಗತ್ತಿಗೆ ಕೊಟ್ಟವರು ಅವರೇ. ಗ್ರಂಥಾಲಯದ ಮೂಲೆಯೊಂದರಲ್ಲಿದ್ದ ಗರಿಯ ಕಟ್ಟನ್ನು ಬಿಚ್ಚಿ ಓದಿದವರ ಮನೆತನದಿಂದ ಬಂದ ಹೆಣ್ಣುಮಗಳು ಈ ಕೆಲಸದಲ್ಲಿ ಕೈಜೋಡಿಸಿದ್ದಾಳೆಂದರೆ, ವಾಚನಾಲಯ ನಡೆಸುವ ನಮಗೆ ಹೆಮ್ಮೆ ಸಹಜ. ಆದರೆ ಹೆಮ್ಮೆಯಲ್ಲಿ ಲೆಕ್ಕ ತಪ್ಪಬಾರದು. ಈ ಕೆಲಸ ಒಬ್ಬರದಲ್ಲ. ಟಿಂಗ್‌ಟಾವ್ ಝೌ ಮೊದಲಾದ ಯುವಕರು ದುಡಿದರು. ದ್ರವಗಳ ಚಲನೆಯನ್ನು ಬಲ್ಲ ಜಾನ್ ಬ್ರೇಡಿ, ಜೀವಶಾಸ್ತ್ರದ ಪಾಲ್ ಸ್ಟರ್ನ್‌ಬರ್ಗ್, ವಸ್ತುಗಳ ರಚನೆಯನ್ನು ಅರಿತ ಕಿಯಾರಾ ದರಾಯೋ ಎಲ್ಲರೂ ಸೇರಿದರು. ನಾಲ್ಕು ವಿದ್ಯೆಯವರು ಒಂದು ಮೇಜಿನ ಸುತ್ತ ಕೂತದ್ದರಿಂದ ಒಂದು ಕೊಳವೆ ಸುಧಾರಿಸಿತು.

2024ರ ಜನವರಿಯಲ್ಲಿ ಸೈನ್ಸ್ ಅಡ್ವಾನ್ಸಸ್ ಪತ್ರಿಕೆಯಲ್ಲಿ ಅವರ ಲೇಖನ ಬಂತು. ಮುದ್ರಣಯಂತ್ರದಂತೆಯೇ ಪದರ ಪದರವಾಗಿ ವಸ್ತುವನ್ನು ಕಟ್ಟುವ ಯಂತ್ರದಲ್ಲಿ ನಳಿಕೆಯ ಮಾದರಿಗಳನ್ನು ಮಾಡಿ, ಆಸ್ಪತ್ರೆಯ ರೋಗಿಯಲ್ಲಿ ಇರುವಷ್ಟೇ ಹರಿವು ಬಿಟ್ಟು, ಇ. ಕೋಲೈಯನ್ನು ಕೆಳಗೆ ಸೇರಿಸಿ ನೋಡಿದರು. ನಯವಾದ ನಳಿಕೆಗಿಂತ ಹೊಸ ನಳಿಕೆಯ ಮೇಲಿನ ತುದಿಗೆ ಮುಟ್ಟಿದ ರೋಗಾಣುಗಳು ಹತ್ತನೆಯ ಒಂದು ಪಾಲಿನಿಂದ ನೂರನೆಯ ಒಂದು ಪಾಲಿನವರೆಗೆ ಇಳಿದವು.

ಇದು ಸಣ್ಣ ಫಲವಲ್ಲ. ಆದರೂ ಮೂರು ಎಚ್ಚರಿಕೆಗಳನ್ನು ಹೇಳದೆ ಬಿಟ್ಟರೆ ತಪ್ಪಾದೀತು. ಒಂದನೆಯದು, ಆ ಲೇಖನದ ಫಲ ಪ್ರಯೋಗಶಾಲೆಯದು, ರೋಗಿಯ ದೇಹದಲ್ಲಿ ನೋಡಿದ್ದಲ್ಲ. ಬೆಳ್ಳಿಯ ನಳಿಕೆಯೂ ಪ್ರಯೋಗಶಾಲೆಯಲ್ಲಿ ಆಸೆ ಹುಟ್ಟಿಸಿ ಸಾವಿರಾರು ರೋಗಿಗಳ ಪರೀಕ್ಷೆಯಲ್ಲಿ ಸೋತಿತೆಂಬುದನ್ನು ಈಗತಾನೇ ಕೇಳಿದಿರಿ. ಎರಡನೆಯದು, ಈಜಲಾರದ ರೋಗಾಣುಗಳೂ ಉಂಟು. ಏಮ್ಸ್ ಸಮೀಕ್ಷೆಯಲ್ಲಿ ಕಂಡ ಕ್ಲೆಬ್ಸಿಯೆಲ್ಲಾಗೆ ಈಜುವ ಬಾಲವೇ ಇಲ್ಲ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ರೋಗಾಣು ಬರುವ ದಾರಿ ಎರಡು: ನಳಿಕೆಯ ಒಳಗಿನಿಂದ ಒಂದು, ನಳಿಕೆಯ ಹೊರಮೈಗೂ ದೇಹಕ್ಕೂ ನಡುವಿನ ಸಂದಿಯಿಂದ ಇನ್ನೊಂದು. 1999ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ದಾರಿ ಯಾವುದೆಂದು ಗೊತ್ತುಹಿಡಿಯಲಾದ ಸೋಂಕುಗಳಲ್ಲಿ ಮೂರರಲ್ಲಿ ಎರಡು ಪಾಲು ಹೊರದಾರಿಯವು, ಒಂದು ಪಾಲು ಒಳದಾರಿಯದು. ಒಳಗಿನ ಉಬ್ಬು ಹೊರಗಿನ ಕಳ್ಳನನ್ನು ತಡೆಯಲಾರದು. ಬಚ್ಚಲ ಕೊಳವೆಗೆ ಜಾಲರಿ ಹಾಕಿದರೂ ಬಾಗಿಲ ಸಂದಿಯಿಂದ ಜಿರಲೆ ಬರುವಂತೆ.

ಹೀಗಾಗಿ ಹೊಸ ನಳಿಕೆ ಬಂದಾಗ ಸ್ವಾಗತಿಸೋಣ. ಅದು ಬರುವವರೆಗೆ, ಬಂದಮೇಲೆಯೂ, ನಮ್ಮ ಕೈಯಲ್ಲಿರುವ ಕೆಲಸವನ್ನು ಬಿಡಬಾರದು. ರಾತ್ರಿ ರೋಗಿಯ ಪಕ್ಕದಲ್ಲಿ ಕೂರುವವರು, ಮನೆಯಲ್ಲಿ ಮುದಿ ತಂದೆತಾಯಿಯನ್ನು ನೋಡಿಕೊಳ್ಳುವವರು ಮಾಡಬಹುದಾದ ಕೆಲಸ ಇದು.

ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಬೇಕು. ರೋಗಿಯನ್ನು ಗಾಲಿಕುರ್ಚಿಗೆ ಕೂರಿಸುವಾಗ ಚೀಲವನ್ನು ಅವರ ಹೊಟ್ಟೆಯ ಮೇಲೆ ಇಡುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಹಾಗೆ ಇಟ್ಟರೆ ಚೀಲದಲ್ಲಿದ್ದ ಹಳೆಯ ಮೂತ್ರ ಮರಳಿ ಒಳಗೆ ಹೋಗುತ್ತದೆ. ರೋಗಾಣು ಈಜುವ ಶ್ರಮವೂ ಇಲ್ಲದೆ ನಾವೇ ಅದನ್ನು ಪಲ್ಲಕ್ಕಿಯಲ್ಲಿ ಕೂರಿಸಿ ಕಳಿಸಿದಂತಾಯಿತು. ಕೆಳಗಿರಬೇಕೆಂದು ನೆಲದ ಮೇಲೆ ಹಾಕುವುದೂ ತಪ್ಪು. ಮಂಚದ ಪಕ್ಕಕ್ಕೆ ತೂಗುಹಾಕಬೇಕು.

ನಳಿಕೆಯೂ ಚೀಲವೂ ಕೂಡುವ ಜಾಗವನ್ನು ಬಿಚ್ಚಬಾರದು. 1966ರಲ್ಲಿ ಕಂಡುಕೊಂಡ ಲಾಭವೆಲ್ಲ ಆ ಕೂಡುವಿಕೆಯಲ್ಲಿ ಇದೆ. ಚೀಲದ ಕೆಳಗಿನ ತೂಬಿನಿಂದಲೇ ಖಾಲಿ ಮಾಡಬೇಕು. ಮೂರರಲ್ಲಿ ಎರಡು ಪಾಲು ತುಂಬುವ ಹೊತ್ತಿಗೆ ಮಾಡಬೇಕು. ತೂಬು ಪಾತ್ರೆಗೆ ತಾಗಬಾರದು. ಒಬ್ಬರ ಪಾತ್ರೆಯನ್ನು ಇನ್ನೊಬ್ಬರಿಗೆ ಬಳಸಬಾರದು. ಮುಟ್ಟುವ ಮೊದಲು, ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಹೊರದಾರಿಯ ಕಳ್ಳನಿಗೆ ಇದೇ ಕಾವಲು: ದಿನವೂ ನಳಿಕೆ ಒಳಹೋಗುವ ಜಾಗವನ್ನು ಸಾಬೂನು ನೀರಿನಿಂದ ಮೃದುವಾಗಿ ತೊಳೆದು ಒರೆಸುವುದು. ನಳಿಕೆ ತೊಡೆಯ ಕೆಳಗೆ ಸಿಕ್ಕಿ ಮಡಿಸಿಕೊಳ್ಳದಂತೆ, ಎಳೆದಾಡದಂತೆ ತೊಡೆಗೆ ಪಟ್ಟಿ ಕಟ್ಟಿಸಿಕೊಳ್ಳಬೇಕು. ಬಲೂನು ಒಳಗೆ ಉಬ್ಬಿರುವುದರಿಂದ ಯಾರೂ ಅದನ್ನು ಎಳೆದು ತೆಗೆಯಲು ಹೋಗಬಾರದು, ರಕ್ತ ಸುರಿದೀತು.

ಜ್ವರ, ಚಳಿ ನಡುಕ, ಕಿಬ್ಬೊಟ್ಟೆಯ ನೋವು, ಮುದುಕರಲ್ಲಿ ಇದ್ದಕ್ಕಿದ್ದಂತೆ ತೊದಲು ಮಾತು ಅಥವಾ ಗಲಿಬಿಲಿ, ಗಂಟೆಗಟ್ಟಲೆ ಚೀಲಕ್ಕೆ ಮೂತ್ರವೇ ಇಳಿಯದಿರುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಮೂತ್ರ ಬರೇ ಕದಡಿದಂತೆ ಕಂಡಿತೆಂದು ಅಂಗಡಿಯಿಂದ ಮಾತ್ರೆ ತಂದು ನುಂಗಿಸಬಾರದು. ಔಷಧಿಗೆ ಬಗ್ಗದ ರೋಗಾಣು ಬೆಳೆಯುವುದು ಹಾಗೆಯೇ.

ಕೊನೆಯದಾಗಿ, ಇವೆಲ್ಲಕ್ಕಿಂತ ಹೆಚ್ಚು ಫಲ ಕೊಡುವ ಕೆಲಸ ಒಂದಿದೆ. ಅದಕ್ಕೆ ಕಾಸು ಖರ್ಚಿಲ್ಲ. ದಿನಕ್ಕೆ ದಿನಕ್ಕೆ ಏರುವ ಆ ಬಡ್ಡಿಯನ್ನು ನಿಲ್ಲಿಸುವ ದಾರಿ ಅಸಲನ್ನೇ ತೀರಿಸುವುದು. ಎಂದರೆ, ಬೇಡವಾದ ದಿನವೇ ನಳಿಕೆಯನ್ನು ತೆಗೆಸುವುದು. ದೊಡ್ಡ ಆಸ್ಪತ್ರೆಯ ಗಡಿಬಿಡಿಯಲ್ಲಿ, ನೂರು ಹಾಸಿಗೆ ನೋಡುವ ವೈದ್ಯರಿಗೆ ಒಬ್ಬರ ನಳಿಕೆ ಮರೆತುಹೋಗುವುದುಂಟು. ಅದು ಅವರ ಉದಾಸೀನವೆಂದು ಜಗಳಕ್ಕೆ ಹೋಗಬೇಕಾಗಿಲ್ಲ. ನೆನಪಿಸಿದರೆ ಸಾಕು. ಆದರೆ ನಮ್ಮ ಜನ ಬಿಳಿಯ ಕೋಟನ್ನು ಕಂಡರೆ ಬಾಯಿ ಬಿಡುವುದಿಲ್ಲ. ಹಿಂದಿ ಬಾರದಿದ್ದರಂತೂ ಮೂಕರೇ. ಆದಕಾರಣ ಒಂದು ವಾಕ್ಯವನ್ನು ಇಲ್ಲಿಯೇ ಬಾಯಿಪಾಠ ಮಾಡಿಸುತ್ತೇನೆ. ‘ಡಾಕ್ಟರ್ ಸಾಹೇಬ್, ಪೇಶಾಬ್ ಕೀ ನಲೀ ಅಬ್ ಭೀ ಜರೂರೀ ಹೈ ಕ್ಯಾ?’ ಮೂತ್ರದ ನಳಿಕೆ ಇನ್ನೂ ಬೇಕೇ ಎಂದು ಇದರ ಅರ್ಥ. ದಿನಕ್ಕೆ ಒಮ್ಮೆ, ವಿನಯದಿಂದ, ಕ್ಯ್ ಮುಗಿದಾದರೂ ಕೇಳಿ. ಬೇಕು ಎಂದರೆ ತಲೆಬಾಗಿ ಒಪ್ಪಿಕೊಳ್ಳಿ. ಬೇಡ ಎಂದರೆ ಒಂದು ದಿನದ ಅಪಾಯ ಕಳೆಯಿತು.

ದೀರ್ಘಕಾಲ ಬೇಕಾದವರಿಗೂ ಇನ್ನೊಂದು ದಾರಿ ಇರಬಹುದು. 1972ರಲ್ಲಿ ಅಮೆರಿಕದ ಜ್ಯಾಕ್ ಲ್ಯಾಪಿಡೀಸ್ ಎಂಬ ವೈದ್ಯರು, ನಳಿಕೆಯನ್ನು ಒಳಗೇ ಬಿಡದೆ, ದಿನಕ್ಕೆ ಕೆಲವು ಸಲ ರೋಗಿಯೇ ಶುಚಿಯಾದ ಕೈಯಿಂದ ಹಾಕಿ ಮೂತ್ರ ಇಳಿಸಿ ತೆಗೆದುಬಿಡುವ ಕ್ರಮವನ್ನು ಪ್ರಕಟಿಸಿದರು. ಬೆನ್ನುಹುರಿ ಪೆಟ್ಟಾದ ಎಷ್ಟೋ ಜನ ಇದನ್ನು ಕಲಿತು ಕೆಲಸಕ್ಕೆ ಹೋಗುತ್ತಿದ್ದಾರೆ. ಇದು ತಮ್ಮವರಿಗೆ ಆದೀತೇ ಎಂದು ವೈದ್ಯರನ್ನು ಕೇಳಿ ನೋಡಬಹುದು.

ಇಲ್ಲಿ ಹೇಳಿದ ಎಚ್ಚರಿಕೆಗಳನ್ನೂ ಆ ಹಿಂದಿ ವಾಕ್ಯವನ್ನೂ ಕನ್ನಡ ಲಿಪಿಯಲ್ಲಿ ದೊಡ್ಡಕ್ಷರದಲ್ಲಿ ಬರೆದು ಪತ್ರಿಕೆಗಳ ಮೇಜಿನ ಮೇಲಿಟ್ಟಿದ್ದೇನೆ. ಆಸ್ಪತ್ರೆಗೆ ಹೋಗುವವರು ಒಂದೊಂದು ಪ್ರತಿ ತೆಗೆದುಕೊಂಡು ಹೋಗಿ. ರೋಗಿಯ ತಲೆದಿಂಬಿನ ಬಳಿ ಇಟ್ಟುಬನ್ನಿ. ಮುಗಿದರೆ ಹೇಳಿ, ಮತ್ತೆ ಬರೆದುಕೊಡುತ್ತೇನೆ. ರಾತ್ರಿ ಕಾವಲಿಗೆ ಹೋಗಲು ಸಿದ್ಧರಿರುವವರು ಬಾಗಿಲ ಬಳಿಯ ಪುಸ್ತಕದಲ್ಲಿ ಹೆಸರು ಬರೆಸಬೇಕೆಂದು ಕೋರುತ್ತೇನೆ.